ಬೋನಸ್ ಎಂದರೆ ಉಡುಗೊರೆಯಲ್ಲ

ಹಬ್ಬ ಹತ್ತಿರ ಬಂದರೆ ಸಾಕು, 'ನೌಕರರಿಗೆ ಭರ್ಜರಿ ಬೋನಸ್ ಉಡುಗೊರೆ' ಎಂಬ ತಲೆಬರಹ ಹಾಜರ್. ಉಡುಗೊರೆ ಕೊಡುವವರ ಮನಸ್ಸಿಗೆ ಬಿಟ್ಟದ್ದು. ಕಾರ್ಮಿಕರ ಬೋನಸ್ ಹಾಗಲ್ಲ ಎಂದು ಎಷ್ಟು ಸಲ ಹೇಳಬೇಕು?

ಲ್ಯಾಟಿನ್‌ನಲ್ಲಿ ಬೋನಸ್ ಎಂದರೆ 'ಒಳ್ಳೆಯ'. 18ನೇ ಶತಮಾನದ ಲಂಡನ್ ಷೇರುಪೇಟೆಯವರ ಬಾಯಲ್ಲಿ ಅದು ಮಾತಾಡಿಕೊಂಡದ್ದಕ್ಕಿಂತ ಹೆಚ್ಚಿಗೆ ಸಿಕ್ಕ ದುಡ್ಡಾಯಿತು. ನಮ್ಮಲ್ಲಿ ಪದ ಬೇರುಬಿಟ್ಟದ್ದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ. ಮೊದಲ ಮಹಾಯುದ್ಧದ ಬೆಲೆಯೇರಿಕೆಗೆ ಕೂಲಿ ಸಾಲದಾದಾಗ, 1917ರಲ್ಲಿ ಮಾಲೀಕರು ನೂರಕ್ಕೆ ಹತ್ತರಂತೆ 'ಯುದ್ಧ ಬೋನಸ್' ಕೊಟ್ಟರು. ಅಂದರೆ ಕೂಲಿ ಏರಿಸುವ ಬದಲು ಕೊಟ್ಟ ಹಣವದು. ಮುಂದೆ ವರ್ಷಕ್ಕೊಮ್ಮೆ ಬರುತ್ತಿದ್ದ ಬೋನಸ್ಸನ್ನು 1923ರ ಸಾಲಿಗೆ ನಿಲ್ಲಿಸಿದ್ದೇ ತಡ, 1924ರ ಆರಂಭದಲ್ಲಿ ಗಿರಣಿಗಳು ಮುಷ್ಕರದಿಂದ ಸ್ತಬ್ಧವಾದವು. ಆಗ ನೇಮಿಸಿದ ಸಮಿತಿ, ಇದರ ಮೇಲೆ ಕಾರ್ಮಿಕರಿಗೆ ಕಾನೂನಿನ ಹಕ್ಕಿಲ್ಲ ಎಂದಿತು. ಆ ಹಕ್ಕು ಬರವಣಿಗೆಗೆ ಇಳಿಯಲು 1965ರ ಬೋನಸ್ ಪಾವತಿ ಕಾಯ್ದೆಯೇ ಬರಬೇಕಾಯಿತು.

ಆರಂಭದಲ್ಲಿ ಕನಿಷ್ಠ ಬೋನಸ್ ಶೇ 4 ಇತ್ತು, 1972ರಲ್ಲಿ ಶೇ 8.33 ಆಯಿತು. ಗರಿಷ್ಠ ಶೇ 20. ವರ್ಷದ ಸಂಬಳದಲ್ಲಿ ಶೇ 8.33 ಎಂದರೆ ಒಂದು ತಿಂಗಳ ಸಂಬಳ. 2019ರ ವೇತನ ಸಂಹಿತೆಯೂ ಈ ದರಗಳನ್ನು ಉಳಿಸಿಕೊಂಡಿದೆ. 'ಈ ಸಲ ಕಂಪನಿ ಲಾಸ್‌ನಲ್ಲಿದೆ, ಬೋನಸ್ ಇಲ್ಲ' ಎಂಬ ಮಾತು ಕನಿಷ್ಠ ಬೋನಸ್ಸಿಗೆ ಸಲ್ಲದು: ಹೊಸ ಸಂಸ್ಥೆಗಳ ಮೊದಲ ಕೆಲವು ವರ್ಷ ಬಿಟ್ಟರೆ, ನಷ್ಟವಾದರೂ ಅರ್ಹರಿಗೆ ಕೊಡಲೇಬೇಕು. ಮೊತ್ತವೇನೂ ಭರ್ಜರಿಯಲ್ಲ. 2015ರ ತಿದ್ದುಪಡಿಯಂತೆ ಲೆಕ್ಕ ಹಾಕುವುದು ಪೂರ್ತಿ ಸಂಬಳಕ್ಕಲ್ಲ, ತಿಂಗಳಿಗೆ 7,000 ರೂಪಾಯಿ ಅಥವಾ ಕನಿಷ್ಠ ಕೂಲಿ, ಯಾವುದು ಹೆಚ್ಚೋ ಅದಕ್ಕೆ. 7,000ದ ಲೆಕ್ಕದಲ್ಲಿ ಇಡೀ ವರ್ಷಕ್ಕೆ 6,997 ರೂಪಾಯಿ ಕೈಗೆ ಬರುತ್ತದೆ.

ಇದೇ ಹೆಸರಿನಲ್ಲಿ ದೊಡ್ಡ ಅಧಿಕಾರಿಗಳು ಪಡೆಯುವ ಹಣದ ಜಾತಿಯೇ ಬೇರೆ. ಅದನ್ನು ನಿರ್ದೇಶಕ ಮಂಡಳಿ ಒಪ್ಪಂದದಲ್ಲೇ ಬರೆದುಕೊಡುತ್ತದೆ. ಅಮೆರಿಕದ ಟ್ವಿಂಕಿ ಕೇಕ್ ಕಂಪನಿ ಹೋಸ್ಟೆಸ್ ದಿವಾಳಿಯಾದಾಗ ಬೇಕರಿ ಕಾರ್ಮಿಕರ ಕೂಲಿಯಲ್ಲಿ ಶೇ 8 ಕಡಿತ ಹೇರಿತು. ಅವರು ಮುಷ್ಕರ ಹೂಡಿದರು. 2012ರ ನವೆಂಬರಿನಲ್ಲಿ ಕಂಪನಿಗೇ ಬೀಗ ಬಿತ್ತು, ಸುಮಾರು 18,000 ಮಂದಿಯ ಕೆಲಸ ಹೋಯಿತು. ಮುಚ್ಚುವ ಕೆಲಸ ಮುಗಿಯುವ ತನಕ ಬಿಟ್ಟುಹೋಗದಿರಲೆಂದು 19 ಅಧಿಕಾರಿಗಳಿಗೆ 18 ಲಕ್ಷ ಡಾಲರ್‌ವರೆಗೆ ಬೋನಸ್ ಕೊಡಲು ನ್ಯಾಯಾಲಯ ಅನುಮತಿ ಕೊಟ್ಟಿತು.

ಈ ಎರಡನೆಯದನ್ನು 'ಇನಾಮು' ಎಂದು ಬರೆಯಿರಿ, ಯಾರ ತಕರಾರೂ ಇಲ್ಲ. ಮೊದಲನೆಯದು ಮಾತ್ರ ದುಡಿದವರಿಗೆ ತಡವಾಗಿ ಸೇರುವ ಸಂಬಳ.