ಸಾಮಾನ್ಯೀಕರಣ: ಅರ್ಥ, ಉಪಯೋಗ ಮತ್ತು ಉಪಾಧಿ

ಬಿ.ಇಡಿ. ಸಮಾಜ ವಿಜ್ಞಾನ ಬೋಧನೆಯನ್ನು ಓದುವಾಗ ಸಂಗತಿ, ಪರಿಕಲ್ಪನೆ, ಸಾಮಾನ್ಯೀಕರಣ ಎಂಬ ಮೂರು ಪದಗಳು ಜೊತೆಯಾಗಿಯೇ ಬರುತ್ತವೆ. ಮೊದಲ ಎರಡನ್ನು ಸುಲಭವಾಗಿ ಗುರುತಿಸುವ ನಾವು ಮೂರನೆಯದರಲ್ಲಿ ಎಡವುತ್ತೇವೆ. ನಮ್ಮ ಚಿತ್ರದುರ್ಗ ಸೀಮೆಯ ನೀರಿನ ಲೆಕ್ಕವನ್ನೇ ಹಿಡಿದು ನೋಡಿದರೆ ಇವುಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಘಟ್ಟದ ಪೂರ್ವಕ್ಕಿರುವ ನಮ್ಮ ಚಳ್ಳಕೆರೆಯ ಸರಾಸರಿ 600 ಮಿ.ಮೀ.ಗಿಂತ ಕಡಿಮೆ. ಇವು ಸಂಗತಿಗಳು. ಮಳೆನೆರಳು, ಅಂದರೆ ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗುವ ಪ್ರದೇಶ, ಎಂಬುದು ಪರಿಕಲ್ಪನೆ. ತೇವ ಹೊತ್ತು ಬರುವ ಗಾಳಿಗೆ ಬೆಟ್ಟಸಾಲು ಅಡ್ಡವಾಗಿದ್ದರೆ, ಗಾಳಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಮಳೆ ಹೆಚ್ಚು, ಹಿಂದಿನ ಮಗ್ಗುಲಿನಲ್ಲಿ ಕಡಿಮೆ ಎಂಬುದು ಸಾಮಾನ್ಯೀಕರಣ. ಇದು ಪರಿಕಲ್ಪನೆಗಳ ನಡುವಿನ ಸಂಬಂಧವನ್ನು ಹೇಳುತ್ತದೆ. ಇದರಲ್ಲಿ ಊರಿನ ಹೆಸರಿಲ್ಲ, ಆದ್ದರಿಂದಲೇ ಬೇರೆ ಊರಿಗೂ ಹಚ್ಚಿ ಪರೀಕ್ಷಿಸಬಹುದು. ಇದನ್ನು ತಿಳಿದ ವಿದ್ಯಾರ್ಥಿಯು ಆಂಡಿಸ್ ಪರ್ವತದ ಪೂರ್ವಕ್ಕಿರುವ ಪ್ಯಾಟಗೋನಿಯ ಏಕೆ ಒಣಭೂಮಿ ಎಂಬುದನ್ನು, ಅಲ್ಲಿ ತೇವದ ಗಾಳಿ ಪಶ್ಚಿಮದಿಂದ ಬೀಸುತ್ತದೆ ಎಂದಷ್ಟೇ ಹೇಳಿದರೆ, ಬಾಯಿಪಾಠ ಮಾಡದೆ ತಾನೇ ಊಹಿಸಬಲ್ಲನು. ನೆನಪಿನ ಹೊರೆ ಇಳಿಯುವುದು, ಕಾಣದ ಸಂಗತಿಯನ್ನು ಮುಂಗಾಣುವುದು ಎಂಬ ಎರಡೂ ಪ್ರಯೋಜನಗಳು ಇಲ್ಲಿವೆ. ಎರಡನೆಯದೇ ದೊಡ್ಡದೆಂದು ನನ್ನ ಅಭಿಪ್ರಾಯ.

ಆದರೆ ಹಲವು ಬಾರಿ ಕಂಡದ್ದೆಲ್ಲ ನಿಯಮವಾಗುವುದಿಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರಲ್ಲಿ ತುಂಬಿದ ಮೇಲೆ 89 ವರ್ಷ 130 ಅಡಿಯ ಪೂರ್ಣ ಮಟ್ಟವನ್ನು ಮುಟ್ಟಲಿಲ್ಲ. ಅಷ್ಟು ವರ್ಷಗಳನ್ನು ಕಂಡವರು ‘ಮಾರಿಕಣಿವೆ ತುಂಬುವುದಿಲ್ಲ’ ಎಂದು ತೀರ್ಮಾನಿಸಿದ್ದರೆ ಅವರನ್ನು ದೂರುವಂತಿಲ್ಲ. 2022ರಲ್ಲಿ ಅಣೆಕಟ್ಟು ಕೋಡಿ ಬಿತ್ತು. ಆ ವರ್ಷ ಮಳೆಯೂ ಜೋರಾಗಿತ್ತು. ಅದಕ್ಕೂ ಮುಂಚಿನಿಂದಲೇ ಬೇರೊಂದು ನದಿಯಾದ ಭದ್ರೆಯ ನೀರು ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಜಲಾಶಯಕ್ಕೆ ಬರತೊಡಗಿತ್ತು.

ಇಂಥ ದೋಷವನ್ನು ನಮ್ಮ ನ್ಯಾಯಶಾಸ್ತ್ರ, ಅಂದರೆ ಪ್ರಾಚೀನ ಭಾರತೀಯ ತರ್ಕಶಾಸ್ತ್ರ, ಬಹು ಹಿಂದೆಯೇ ಗುರುತಿಸಿದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬುದು ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ. ಅದನ್ನು ತಿರುವಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಎಂದರೆ ನಿಲ್ಲದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಇಲ್ಲ. ಹೊಗೆ ಏಳಲು ಹಸಿ ಕಟ್ಟಿಗೆಯೂ ಬೇಕು. ಹೀಗೆ ಒಳಗೊಳಗೇ ಸೇರಿಕೊಂಡಿರುವ ಷರತ್ತಿಗೆ ಉಪಾಧಿ ಎಂದು ಹೆಸರು.

ಆದ್ದರಿಂದ ಉತ್ತರ ಬರೆಯುವಾಗ ಸಾಮಾನ್ಯೀಕರಣದ ಜೊತೆಗೆ ಅದರ ಉಪಾಧಿಯನ್ನೂ ಬರೆಯಿರಿ. ಮಾರಿಕಣಿವೆಯ ಮಾತನ್ನು ಹೀಗೆ ತಿದ್ದಬಹುದು: ಹೊರಗಿನ ನದಿಯ ನೀರು ಸೇರದೆ, ವೇದಾವತಿಯ ಜಲಾನಯನ ಪ್ರದೇಶದಲ್ಲಿ ಮಳೆ ಸಾಧಾರಣವಾಗಿಯಷ್ಟೇ ಆದ ವರ್ಷಗಳಲ್ಲಿ ಈ ಜಲಾಶಯ ಪೂರ್ಣ ಮಟ್ಟ ತಲುಪುವ ಸಂಭವ ಕಡಿಮೆ.