ಅಪಾರ್ಟ್‌ಮೆಂಟಿನಲ್ಲಿ ಚಾರ್ಜರ್ ಇಲ್ಲ, ಮೊದಲ ಕಾರಿಗೆ ಪ್ಲಗ್-ಇನ್ ಹೈಬ್ರಿಡ್ ತಗೋಬಹುದಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಎಂಟು ತಿಂಗಳಾಯಿತು. ಇಷ್ಟು ದಿನ ಬಸ್ಸು, ಊಬರ್, ರೂಮ್‌ಮೇಟ್ ಕಾರು ಅಂತ ಕಾಲ ತಳ್ಳಿದೆ. ಈಗ ಲೈಸೆನ್ಸ್ ಕೈಗೆ ಬಂದಿದೆ. ಮೊದಲ ಕಾರಾಗಿ ಟೊಯೋಟಾ ಪ್ರಿಯಸ್ ಪ್ರೈಮ್ ಕಣ್ಣಿಗೆ ಬಿದ್ದಿದೆ. ಗ್ಯಾಸ್ (ಅಂದರೆ ಪೆಟ್ರೋಲು), ಪ್ಲಗ್ ಹಾಕಿ ತುಂಬಿಸುವ ಬ್ಯಾಟರಿ ಎರಡರಲ್ಲೂ ಓಡುವ ಪ್ಲಗ್-ಇನ್ ಹೈಬ್ರಿಡ್ ಅದು. ಆದರೆ ಅಪಾರ್ಟ್‌ಮೆಂಟಿನ ನನ್ನ ಪಾರ್ಕಿಂಗ್ ಜಾಗದಲ್ಲಿ ಚಾರ್ಜರ್ ಇಲ್ಲ. ‘ಚಾರ್ಜ್ ಮಾಡದಿದ್ದರೂ ಓಡುತ್ತಲ್ಲ, ತಗೋ’ ಅಂತಾರೆ ಗೆಳೆಯರು. ತಗೊಳ್ಳಲಾ?

ಓಡುವುದೇನೋ ಓಡುತ್ತದೆ. ಟ್ಯಾಂಕಿನಲ್ಲಿ ಗ್ಯಾಸ್ ಇದ್ದರೆ ಸಾಕು, ವರ್ಷಗಟ್ಟಲೆ ಪ್ಲಗ್ಗಿನ ಮುಖ ನೋಡದೆ ಓಡಿಸಬಹುದು. ಹಾಗೆ ಓಡಿಸುವವರು ಅಷ್ಟು ದೊಡ್ಡ ಬ್ಯಾಟರಿಗೆ ದುಡ್ಡು ಕೊಟ್ಟದ್ದು ಯಾಕೆ ಎಂಬುದನ್ನು ಮಾತ್ರ ನಿಮ್ಮ ಗೆಳೆಯರು ಹೇಳಿಲ್ಲ.

2023ರ ಮಾಡೆಲನ್ನೇ ತೆಗೆದುಕೊಳ್ಳೋಣ. ಬಿಡುಗಡೆಯಾದಾಗ ಪ್ಲಗ್ ಇಲ್ಲದ ಸಾದಾ ಪ್ರಿಯಸ್‌ನ ಆರಂಭಿಕ ಬೆಲೆ 27,450 ಡಾಲರ್, ಪ್ರೈಮ್‌ದು 32,350. ಹೆಚ್ಚುವರಿ 4,900 ಡಾಲರ್‌ಗೆ ಸಿಗುವುದು 13.6 ಕಿಲೋವ್ಯಾಟ್ ಅವರ್ ಬ್ಯಾಟರಿ, ಎಂಜಿನ್ ತಿರುಗದೆ ಸುಮಾರು 44 ಮೈಲಿ ಓಟ, ಜೊತೆಗೆ ಒಂದಿಷ್ಟು ಜಾಸ್ತಿ ಪವರ್. ಆ ಬ್ಯಾಟರಿ ಖಾಲಿಯಾದ ಮೇಲೆ ಪ್ರೈಮ್ ಗ್ಯಾಲನ್‌ಗೆ 52 ಮೈಲಿ ಕೊಡುತ್ತದೆ. ಸಾದಾ ಪ್ರಿಯಸ್ ಕೊಡುವುದು 57! ತುಂಬದ ಬ್ಯಾಟರಿಯನ್ನು ಹೊತ್ತು ತಿರುಗುವುದಕ್ಕೂ ಗ್ಯಾಸ್ ಬೇಕಲ್ಲ. ಟ್ರಂಕಿನಲ್ಲೂ (ಡಿಕ್ಕಿ) ಜಾಗ ಸ್ವಲ್ಪ ಕಡಿಮೆ. ಊರಿಂದ ಅಪ್ಪ ಅಮ್ಮ ಬಂದಿಳಿದಾಗ, ಆ ನಾಲ್ಕು ದೊಡ್ಡ ಸೂಟ್‌ಕೇಸ್‌ಗಳ ಮುಂದೆ ನಿಂತಾಗ ಗೊತ್ತಾಗುತ್ತದೆ.

ಪ್ರೈಮ್ ಆದ್ದರಿಂದ ನಷ್ಟ ಇಷ್ಟಕ್ಕೇ ನಿಂತಿತು. ಬ್ಯಾಟರಿ ಖಾಲಿಯಾದರೆ ಜೀಪ್ ರ್‍ಯಾಂಗ್ಲರ್ 4ಎಕ್ಸ್‌ಇ ಕೊಡುವುದು ಗ್ಯಾಲನ್‌ಗೆ 20 ಮೈಲಿ. ಮಿತ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್-ಇನ್ (ಅದೂ 2023ರದೇ) 26. ಅಂಥದ್ದನ್ನು ಚಾರ್ಜ್ ಮಾಡದೆ ಓಡಿಸುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಷೋರೂಮಿನಲ್ಲಿ ಸ್ಟಿಕರ್ ಮೇಲೆ ‘ಎಂಪಿಜಿಇ’ (ಕರೆಂಟಿನ ಓಟವನ್ನು ಗ್ಯಾಸಿನ ಲೆಕ್ಕಕ್ಕೆ ತಿರುಗಿಸಿದ ಮೈಲೇಜ್) ಎಂದು ದಪ್ಪ ಅಕ್ಷರದಲ್ಲಿ ಇರುವ ದೊಡ್ಡ ಅಂಕಿ ನಿಮ್ಮಂಥ ಚಾರ್ಜರ್ ಇಲ್ಲದವರ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಬರೀ ಗ್ಯಾಸಿನ ಮೈಲೇಜ್ ಬರೆದಿರುತ್ತದೆ, ಅದನ್ನು ನೋಡಿ.

‘ಹೊರಗೆ ಪಬ್ಲಿಕ್ ಚಾರ್ಜರ್ ಇದೆಯಲ್ಲ’ ಅನ್ನಬಹುದು. ಅದಕ್ಕೆ ನಾನು ಇಟ್ಟುಕೊಂಡಿರುವ ಒಂದು ಲೆಕ್ಕ ಹೇಳುತ್ತೇನೆ. ಪ್ರೈಮ್ 100 ಮೈಲಿಗೆ ಸುಮಾರು 26 ಯೂನಿಟ್ ಕರೆಂಟ್ ತಿನ್ನುತ್ತದೆ. ಗ್ಯಾಸಿನಲ್ಲಾದರೆ ಅದೇ 100 ಮೈಲಿಗೆ 1.92 ಗ್ಯಾಲನ್. ಅಂದರೆ ಒಂದು ಗ್ಯಾಲನ್ ಮಾಡುವ ಕೆಲಸಕ್ಕೆ 13.5 ಯೂನಿಟ್ ಬೇಕು. ಹಾಗಾಗಿ ಗ್ಯಾಲನ್ ಬೆಲೆಯನ್ನು 13.5ರಿಂದ ಭಾಗಿಸಿ. ಬರುವ ಅಂಕಿಗಿಂತ ಕರೆಂಟು ದುಬಾರಿಯಾದರೆ ಪ್ಲಗ್ ಹಾಕುವುದೇ ದಂಡ. ಗ್ಯಾಸ್ 4.60 ಡಾಲರ್ ಎಂದಿಟ್ಟುಕೊಳ್ಳಿ. ಭಾಗಿಸಿದರೆ ಯೂನಿಟ್‌ಗೆ 34 ಸೆಂಟ್. ನಿಮ್ಮ ಮನೆ ಹತ್ತಿರದ ಚಾರ್ಜರ್ 45 ಸೆಂಟ್ ಕೇಳಿದರೆ 100 ಮೈಲಿಗೆ 11.70 ಡಾಲರ್ ಆಯಿತು. ಗ್ಯಾಸಿನಲ್ಲಿ 8.85. ತಮಾಷೆ ಎಂದರೆ, ಇಲ್ಲಿ ಕರೆಂಟ್ ಕೊಡುವ ಪಿಜಿ ಆಂಡ್ ಇ ಕಂಪನಿಯ ಸಾಮಾನ್ಯ ಪ್ಲ್ಯಾನಿನಲ್ಲಿ 2025ರಲ್ಲಿ ಮನೆಯ ಕರೆಂಟೇ 40 ಸೆಂಟ್ ಆಸುಪಾಸು ಇತ್ತು. ಅಂಥ ದರವಿದ್ದರೆ ಈ ಭಾಗದಲ್ಲಿ ಸ್ವಂತ ಗ್ಯಾರೇಜ್ ಇದ್ದವರೂ ರಾತ್ರಿ ಅಗ್ಗವಾಗುವ ಇವಿ (ಎಲೆಕ್ಟ್ರಿಕ್ ಕಾರಿನವರ) ಪ್ಲ್ಯಾನಿಗೆ ಬದಲಾಯಿಸಿಕೊಳ್ಳದಿದ್ದರೆ ಪ್ಲಗ್-ಇನ್‌ನಿಂದ ಏನೂ ಗಿಟ್ಟುವುದಿಲ್ಲ.

ಕಾಸ್ಟ್‌ಕೋದಲ್ಲಿ ಸಾಮಾನು ತರುವಷ್ಟರಲ್ಲಿ ತುಂಬಿಸಿಕೊಂಡುಬಿಡೋಣ ಎನ್ನುವ ಆಸೆಯೂ ಬೇಡ. ಪ್ರೈಮ್‌ಗೆ ಫಾಸ್ಟ್ ಚಾರ್ಜಿಂಗ್ ಇಲ್ಲ. 240 ವೋಲ್ಟ್ ಚಾರ್ಜರಿನಲ್ಲಿ ಖಾಲಿಯಿಂದ ಪೂರ್ತಿಯಾಗಲು ಸುಮಾರು 4 ಗಂಟೆ ಹಿಡಿಯುತ್ತದೆ.

ಆ 4 ಗಂಟೆ ಅಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತು. ನನ್ನದೂ ಪ್ಲಗ್-ಇನ್ನೇ, ಆಗ ಇದ್ದದ್ದು ಇನ್ನೂರು ಚಿಲ್ಲರೆ ಮನೆಗಳ ಒಂದು ಕಾಂಪ್ಲೆಕ್ಸ್, ಅಷ್ಟಕ್ಕೂ ಸೇರಿ ಎರಡು ಚಾರ್ಜರ್. ಆ್ಯಪಿನಲ್ಲಿ ಸರದಿ ಹಚ್ಚಬೇಕು. ರಾತ್ರಿ ಹನ್ನೊಂದಕ್ಕೆ ಫೋನ್ ಗುಂಯ್ ಅಂತಿತ್ತು: ನಿಮ್ಮ ಸರದಿ, ಐದು ನಿಮಿಷದಲ್ಲಿ ಬನ್ನಿ. ಲುಂಗಿ ಮೇಲೆ ಜಾಕೆಟ್ ಏರಿಸಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದರೆ, ಅಲ್ಲಿ ಚಾರ್ಜ್ ಮುಗಿದ ಟೆಸ್ಲಾ ಒಂದು ವೈರ್ ಕಚ್ಚಿಕೊಂಡೇ ನಿಂತಿರುತ್ತಿತ್ತು. ಜಾಗ ಸಿಕ್ಕಿದರೆ ಇನ್ನೊಂದು ಸಂಕಟ. ಬೆಳಗಿನ ಜಾವ ಮೂರಕ್ಕೆ ಬ್ಯಾಟರಿ ತುಂಬುತ್ತದೆ, ಆಮೇಲೆ ಸುಮ್ಮನೆ ನಿಂತದ್ದಕ್ಕೆ ಗಂಟೆ ಲೆಕ್ಕದಲ್ಲಿ ದಂಡ. ಅಲ್ಲಿ ಯೂನಿಟ್‌ಗೆ 30 ಸೆಂಟ್ ಇತ್ತು, ಅಗ್ಗವೇ. ವಾರಕ್ಕೆ ಮೂರು ಸಲ ಹೀಗೆ ಎದ್ದು ಬಿದ್ದು ತಿಂಗಳಿಗೆ ಉಳಿಸಿದ್ದು ಹೆಚ್ಚೆಂದರೆ ಐದು ಡಾಲರ್. ಸನ್ನಿವೇಲ್‌ನಲ್ಲಿ ಅದಕ್ಕೆ ಅರ್ಧ ಮಸಾಲೆ ದೋಸೆ ಬಂದರೆ ಹೆಚ್ಚು. ಐದನೇ ತಿಂಗಳಿಗೆ ಆ್ಯಪ್ ತೆಗೆದುಹಾಕಿದೆ.

ಇಷ್ಟು ಹೇಳಿದ ಮೇಲೂ, ಬೇಡ ಎಂದುಬಿಡುವ ಮೊದಲು ಒಂದು ಕೆಲಸ ಮಾಡಿ. ಇವತ್ತು ಸಂಜೆ ಪಾರ್ಕಿಂಗಿಗೆ ಇಳಿದು ನಿಮ್ಮ ಜಾಗದ ಗೋಡೆ, ಕಂಬ, ಕಾರ್‌ಪೋರ್ಟಿನ ಮೂಲೆ ಎಲ್ಲ ನೋಡಿ. ವ್ಯಾಕ್ಯೂಮ್ ಕ್ಲೀನರಿಗೋ ತೋಟದ ಮೆಷಿನ್ನಿಗೋ ಅಂತ ಹಾಕಿಸಿದ ಸಾದಾ 120 ವೋಲ್ಟಿನ ಪ್ಲಗ್ ಪಾಯಿಂಟ್ ಒಂದು ಇದ್ದೀತು. ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಅದು ಅರೆಕಾಸಿನ ಮಜ್ಜಿಗೆ. ಪ್ರೈಮ್‌ಗೆ ಹಾಗಲ್ಲ, 11 ಗಂಟೆಯಲ್ಲಿ ತುಂಬುತ್ತದೆ: ಸಂಜೆ ಏಳಕ್ಕೆ ಹಾಕಿದರೆ ಬೆಳಗ್ಗೆ ಆರಕ್ಕೆ 44 ಮೈಲಿ ಸಿದ್ಧ. ‘ಚಾರ್ಜರ್ ಇಲ್ಲ’ ಅನ್ನುವ ಎಷ್ಟೋ ಜನಕ್ಕೆ ಇಂಥದ್ದೊಂದು ಪಾಯಿಂಟ್ ಇರುತ್ತದೆ, ಅದು ಸಾಕು ಎಂದು ಗೊತ್ತಿರುವುದಿಲ್ಲ. ಕದ್ದು ಮಾತ್ರ ಹಾಕಬೇಡಿ; ಆ ಕರೆಂಟು ಸಾಮಾನ್ಯವಾಗಿ ಕಾಂಪ್ಲೆಕ್ಸಿನ ಮೀಟರಿಗೆ ಸೇರಿದ್ದು. ಲೀಸಿಂಗ್ ಆಫೀಸಿಗೆ ಈಮೇಲ್ ಬರೆದು ಕೇಳಿ, ತಿಂಗಳಿಗಿಷ್ಟು ಅಂತ ಮಾತಾಡಿ. ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಚಾರ್ಜರ್ ಹಾಕಿಸಿಕೊಳ್ಳಲು ಲಿಖಿತವಾಗಿ ಕೇಳಿದರೆ ಮಾಲೀಕರು ಒಪ್ಪಬೇಕೆಂಬ ಕಾನೂನೂ ಕ್ಯಾಲಿಫೋರ್ನಿಯಾದಲ್ಲಿ ಇದೆ, ಸಿವಿಲ್ ಕೋಡ್ 1947.6. ವಿನಾಯಿತಿಗಳೂ ಇವೆ. ಆದರೆ ವರ್ಷದ ಲೀಸಿನಲ್ಲಿ ಇರುವವರು ಬೇರೆಯವರ ಗೋಡೆಗೆ ಸಾವಿರಾರು ಡಾಲರ್ ಸುರಿಯುವುದು ನನಗಂತೂ ಒಪ್ಪದ ಮಾತು.

ಇನ್ನೊಂದು ದಾರಿ ಆಫೀಸು. ಅಲ್ಲಿ ಉಚಿತ ಚಾರ್ಜರ್ ಇದ್ದು ದಿನಕ್ಕೆ ಮೂವತ್ತು ಮೈಲಿ ಓಡಾಟವಾದರೆ ವರ್ಷಕ್ಕೆ 240 ದಿನದ ಲೆಕ್ಕದಲ್ಲಿ 7,200 ಮೈಲಿ ಪುಕ್ಕಟೆ. ಸಾದಾ ಪ್ರಿಯಸ್‌ನಲ್ಲಾದರೆ ಅಷ್ಟು ದೂರಕ್ಕೆ 580 ಡಾಲರ್ ಗ್ಯಾಸ್ ಬೇಕಿತ್ತು. ಚೆನ್ನಾಗಿದೆ. ಆದರೂ ಆ 4,900 ಡಾಲರ್ ಹುಟ್ಟಲು ಎಂಟು ವರ್ಷ ದಾಟುತ್ತದೆ! ಅಲ್ಲಿಯವರೆಗೆ ಅದೇ ಕಂಪನಿ, ಅದೇ ಬಿಲ್ಡಿಂಗು, ಅದೇ ಉಚಿತ ಚಾರ್ಜರ್ ಇರುತ್ತದೆಯೇ? ಎಚ್1ಬಿ (ಕೆಲಸಕ್ಕೆ ಕಟ್ಟಿಹಾಕಿದ ವೀಸಾ) ಮೇಲೆ ಇರುವವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲಾದರೆ ಬೇರೆ ಆಕರ್ಷಣೆಗಳಿದ್ದವು. 25,000 ಡಾಲರ್ ಒಳಗಿನ ಹಳೆಯ ಪ್ಲಗ್-ಇನ್ ಕಾರಿಗೆ 4,000 ಡಾಲರ್‌ವರೆಗೆ ಫೆಡರಲ್ ತೆರಿಗೆ ರಿಯಾಯಿತಿ ಸಿಗುತ್ತಿತ್ತು, ಒಬ್ಬರೇ ಇದ್ದರೂ ಕಾರ್‌ಪೂಲ್ ಲೇನಿನಲ್ಲಿ (ಹೆಚ್ಚು ಜನ ಕೂತ ಕಾರುಗಳಿಗೆ ಮೀಸಲಾದ ಸಾಲು) ಹೋಗಲು ಕ್ಯಾಲಿಫೋರ್ನಿಯಾದ ಸ್ಟಿಕರ್ ಸಿಗುತ್ತಿತ್ತು. ಎರಡೂ ಒಂದೇ ದಿನ, 2025ರ ಸೆಪ್ಟೆಂಬರ್ 30ಕ್ಕೆ, ಮುಗಿದವು. ಆಫೀಸಿನ ಹಳಬರು ‘ಸ್ಟಿಕರಿಗಾದರೂ ತಗೋ’ ಅಂದರೆ ಅದು ಹಳೇ ಕಥೆ.

ಊರಿನಲ್ಲಿರುವವರು ಇದನ್ನು ಓದುತ್ತಿದ್ದರೆ ಗೊಂದಲ ಬೇಡ. ಬೆಂಗಳೂರಿನಲ್ಲಿ ನೀವು ನೋಡುವ ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ‘ಸ್ಟ್ರಾಂಗ್ ಹೈಬ್ರಿಡ್’ಗೆ ಪ್ಲಗ್ಗೇ ಇಲ್ಲ. ಬ್ರೇಕ್ ಹಾಕಿದಾಗ, ಎಂಜಿನ್ ತಿರುಗುವಾಗ ತಾನೇ ಚಾರ್ಜ್ ಮಾಡಿಕೊಳ್ಳುತ್ತದೆ. ಪ್ಲಗ್ ಹಾಕುವ ಹೈಬ್ರಿಡ್ ಅಲ್ಲಿ ಬಿಎಂಡಬ್ಲ್ಯು ಎಕ್ಸ್‌ಎಂ, ರೇಂಜ್ ರೋವರ್ ಮಟ್ಟದ್ದು. ಅದು ಯಾರ ಮೊದಲ ಕಾರೂ ಆಗುವುದು ಅಪರೂಪ.

ಹಾಗಾದರೆ ನಿಮಗೆ? ಕಂಬದ ಹಿಂದೆ ಪಾಯಿಂಟ್ ಇಲ್ಲ, ಆಫೀಸಿನಲ್ಲೂ ಇಲ್ಲ ಎಂದಾದರೆ ಪ್ರೈಮ್ ಬೇಡ. ಸಾದಾ ಪ್ರಿಯಸ್ಸೋ ಕೊರೊಲಾ ಹೈಬ್ರಿಡ್ಡೋ ಸೆಕೆಂಡ್ ಹ್ಯಾಂಡ್ ನೋಡಿ. ಕ್ರೆಡಿಟ್ ಹಿಸ್ಟರಿ ಇನ್ನೂ ಚಿಗುರುತ್ತಿರುವಾಗ ಲೋನ್ ಬಡ್ಡಿ ಜೋರು, ಹೊಸ ಲೈಸೆನ್ಸಿಗೆ ಇನ್ಶೂರೆನ್ಸೂ ಜೋರು. ಸಾಲ ಚಿಕ್ಕದಿದ್ದಷ್ಟೂ ಒಳ್ಳೆಯದು. ಎರಡರಲ್ಲಿ ಒಂದು ಕಡೆಯಾದರೂ ಪಾಯಿಂಟ್ ಸಿಕ್ಕಿ, ಬಳಸಿದ ಪ್ರೈಮ್ ಸಾದಾ ಪ್ರಿಯಸ್‌ಗಿಂತ ಸಾವಿರವೋ ಒಂದೂವರೆ ಸಾವಿರವೋ ಮಾತ್ರ ಹೆಚ್ಚಿಗಿದ್ದರೆ ಧಾರಾಳವಾಗಿ ತಗೊಳ್ಳಿ. 2020ರಿಂದೀಚಿನ ಮಾಡೆಲ್‌ಗಳಲ್ಲಿ ಹೈಬ್ರಿಡ್ ಬ್ಯಾಟರಿಗೆ ಟೊಯೋಟಾ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಕೊಡುತ್ತದೆ, ಮಾಲೀಕರು ಬದಲಾದರೂ ನಡೆಯುತ್ತದೆ. ನೋಡಲು ಹೋದಾಗ ಟ್ರಂಕ್ ತೆಗೆಸಿ, ಚಾರ್ಜಿಂಗ್ ಕೇಬಲ್ ಅಲ್ಲೇ ಇದೆಯಾ ನೋಡಿ. ಹಳೆಯ ಮಾಲೀಕರು ಎಷ್ಟೋ ಸಲ ಅದನ್ನು ಮನೆಯಲ್ಲೇ ಮರೆತಿರುತ್ತಾರೆ, ಹೊಸದಕ್ಕೆ ನೂರಾರು ಡಾಲರ್.