ಒಂದೇ ಮಾತ್ರೆ, ಒಳಗೆ ನಾಲ್ಕು ಮದ್ದು

ಆಗಸ್ಟ್ 3 ಬಂತೆಂದರೆ ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಅವತ್ತು ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ಇಲ್ಲಿಯ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋದಾಗ ಹೊಸ ಸೊಸೆಯೋ ಬೆಂಗಳೂರಿನ ಅಳಿಯನೋ ಗಾಬರಿಯಾಗಿ ನಮ್ಮ ಮೆಡಿಕಲ್‌ಗೆ ಫೋನ್ ಮಾಡುವುದೂ ಉಂಟು. ಸೊಪ್ಪಿನ ಬಗ್ಗೆ ನನ್ನ ತಕರಾರೇನೂ ಇಲ್ಲ, ನಾನೂ ಎರಡು ಬಟ್ಟಲು ತಿನ್ನುವವನೇ. ಆದರೆ ಅದೇ ಮಳೆಗಾಲದಲ್ಲಿ ನಮ್ಮ ಕೌಂಟರಿನಿಂದ ಎಲ್ಲಕ್ಕಿಂತ ಜಾಸ್ತಿ ಹೋಗುವ ಇನ್ನೊಂದು ವಸ್ತು ಇದೆ. ಅದರೊಳಗೆ ಎಷ್ಟು ಮದ್ದಿದೆ ಅಂತ ಕೇಳಿದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅದೇ ಶೀತದ ಮಾತ್ರೆ.

ಸಾಮಾನ್ಯವಾಗಿ ಸಿಗುವ ಶೀತದ ಮಾತ್ರೆ ಒಂದನ್ನು ತಿರುಗಿಸಿ ನೋಡಿ. ಪ್ಯಾರಸಿಟಮಾಲ್ 500 ಮಿಲಿಗ್ರಾಂ, ಅದು ಜ್ವರಕ್ಕೆ, ಮೈಕೈ ನೋವಿಗೆ. ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ, ಅದು ಸೀನಿಗೆ, ಸೋರುವ ಮೂಗಿಗೆ. ಫಿನೈಲ್‌ಎಫ್ರಿನ್ 5 ಅಥವಾ 10 ಮಿಲಿಗ್ರಾಂ, ಕಟ್ಟಿದ ಮೂಗು ಬಿಡಿಸಲಿ ಅಂತ. ಕೆಲವದರಲ್ಲಿ ಕೆಫೀನ್ ಕೂಡ ಇರುತ್ತದೆ, ದಿನಕ್ಕೆ ಐದು ಲೋಟ ಕಾಫಿ ಕುಡಿಯುವ ನಮ್ಮೂರಿನವರಿಗೆ ಅದೊಂದು ಬೇರೆ! ಅಂದರೆ ನೀವು ನುಂಗುವುದು ಒಂದು ಮಾತ್ರೆ, ಹೊಟ್ಟೆಗೆ ಹೋಗುವುದು ಮೂರೋ ನಾಲ್ಕೋ ಮದ್ದು. ಶೀತದ ಮಾತ್ರೆ ತಾನಾಗಿ ಕೆಟ್ಟದ್ದಲ್ಲ. ಅದರ ಜೊತೆ ಇನ್ನೇನು ನುಂಗುತ್ತೀರಿ ಅನ್ನುವಲ್ಲಿ ಎಡವಟ್ಟಾಗುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬರು ನಿವೃತ್ತ ಸುಬೇದಾರರು ಬಂದರು. ಎಪ್ಪತ್ತರ ಹತ್ತಿರ ವಯಸ್ಸು, ನಾನು ಅವರನ್ನು ಮಾವ ಅಂತಲೇ ಕರೆಯುವುದು. "ಡೋಲೋ ಒಂದು ಸ್ಟ್ರಿಪ್ ಕೊಡು ಮಾರಾಯ, ಜ್ವರ ಬಿಡ್ತಾ ಇಲ್ಲ" ಅಂದರು. ಬೇರೇನು ತಗೊಳ್ತಾ ಇದ್ದೀರಿ ಮಾವ ಅಂದೆ. "ಏನಿಲ್ಲ, ಬರೀ ಶೀತದ್ದು." ದಿನಕ್ಕೆಷ್ಟು? ಮೂರು. ಡೋಲೋ? ನಾಲ್ಕು. ಮಂಡಿ ನೋವಿಗೆ? "ಅದು ಮೊದಲಿಂದ ಇರೋದಲ್ವಾ, ಬೆಳಿಗ್ಗೆ ಒಂದು ರಾತ್ರಿ ಒಂದು."

ಅಲ್ಲೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆದು ತೋರಿಸಿದೆ. ಶೀತದ ಮಾತ್ರೆ ಮೂರು, ತಲಾ 500, ಒಟ್ಟು 1500. ಡೋಲೋ ನಾಲ್ಕು, ತಲಾ 650, ಒಟ್ಟು 2600. ಅಲ್ಲಿಗೇ 4100 ಆಯಿತು. ಮಂಡಿ ನೋವಿನ ಮಾತ್ರೆಯಲ್ಲಿ ಅಸಿಕ್ಲೋಫೆನಾಕ್ ಜೊತೆ ಪ್ಯಾರಸಿಟಮಾಲ್ 325 ಇತ್ತು, ಎರಡಕ್ಕೆ 650. ಎಲ್ಲಾ ಸೇರಿ 4750 ಮಿಲಿಗ್ರಾಂ. ಗಟ್ಟಿಮುಟ್ಟಾದ ದೊಡ್ಡವರಿಗೂ 24 ಗಂಟೆಯಲ್ಲಿ 4000 ದಾಟಬಾರದು. ಮೂರೂ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ, ಬೇರೆ ಬೇರೆ ಕಾಯಿಲೆಗೆ ತಗೊಂಡದ್ದು, ಒಳಗಿದ್ದದ್ದು ಮಾತ್ರ ಅದೇ ಪ್ಯಾರಸಿಟಮಾಲ್.

ಇಲ್ಲಿಗೆ ಮುಗಿಯಲಿಲ್ಲ. ಶೀತ ಅಂದಮೇಲೆ ರಾತ್ರಿ ಬಿಸಿನೀರಿಗೆ ಮಿಲಿಟರಿ ಕ್ಯಾಂಟೀನ್ ರಂ, ಮೇಲಿಂದ ಕುಟ್ಟಿದ ಕರಿಮೆಣಸು. ಕೊಡಗಿನಲ್ಲಿ ಈ ಔಷಧಿಗೆ ಯಾರೂ ಚೀಟಿ ಕೇಳುವುದಿಲ್ಲ. ಕರಿಮೆಣಸು ಇರಲಿ, ಬಿಸಿನೀರೂ ಇರಲಿ, ರಂ ಮಾತ್ರ ಆ ವಾರ ಬೀರುವಿನಲ್ಲೇ ಇರಲಿ. ಪ್ಯಾರಸಿಟಮಾಲನ್ನೂ ಮದ್ಯವನ್ನೂ ಅರಗಿಸುವುದು ಅದೇ ಲಿವರ್. ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ, ಊಟ ಬಿಟ್ಟು ಸೊರಗಿದವರಿಗೆ 4000 ಕೂಡ ಜಾಸ್ತಿ. ಅಂಥವರಿಗೆ ಡಾಕ್ಟರರು 2000ಕ್ಕೇ ನಿಲ್ಲಿಸಿ ಅನ್ನುವುದುಂಟು. ಇನ್ನೊಂದು ವಿಷಯ ನೆನಪಿರಲಿ. ಪ್ಯಾರಸಿಟಮಾಲ್ ಜಾಸ್ತಿಯಾದರೆ ಮೊದಲ ದಿನ ಏನೂ ಗೊತ್ತಾಗದೇ ಇರಬಹುದು, ಸ್ವಲ್ಪ ವಾಕರಿಕೆ ಅಷ್ಟೆ. ಲಿವರ್ ಪೆಟ್ಟು ತಿಂದದ್ದು ಎರಡು ಮೂರು ದಿನ ಕಳೆದು ಕಾಣುತ್ತದೆ. ಆದ್ದರಿಂದ ಲೆಕ್ಕ ತಪ್ಪಿದೆ ಅಂತ ಗೊತ್ತಾದ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಹುಷಾರಾಗಿದ್ದೇನೆ ಅಂತ ಮನೆಯಲ್ಲಿ ಕೂರುವುದಲ್ಲ. ಬೇಗ ಹೋದರೆ ಅದಕ್ಕೆ ಒಳ್ಳೆಯ ಮದ್ದಿದೆ. ಮಾವನನ್ನು ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಸರಿಯಾಗಿಯೇ ಇತ್ತು. ಜ್ವರ ಬಿಡದೇ ಇದ್ದದ್ದಕ್ಕೆ ಕಾರಣ ಡೆಂಗ್ಯೂ. ಡೆಂಗ್ಯೂ ಇರುವಾಗ ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮುಟ್ಟಬಾರದು, ರಕ್ತಸ್ರಾವದ ಭಯ. ಮಳೆಗಾಲದಲ್ಲಿ ಮೂರು ದಿನ ದಾಟಿದ ಜ್ವರಕ್ಕೆ ಶೀತದ ಮಾತ್ರೆ ಕೇಳಿಕೊಂಡು ಬಂದರೆ ನಾನು ಕೊಡುವುದಿಲ್ಲ, ಬೈದುಕೊಂಡರೂ ಚಿಂತೆಯಿಲ್ಲ.

ಈಗ ನಿದ್ದೆಯ ವಿಷಯ. ಕ್ಲೋರ್‌ಫೆನಿರಮಿನ್ ಹಳೆ ಕಾಲದ ಅಲರ್ಜಿ ಮದ್ದು, ಮಿದುಳಿಗೆ ಹೋಗಿ ತೂಕಡಿಕೆ ತರುತ್ತದೆ. ಶೀತದ ಮಾತ್ರೆಯಲ್ಲಿ ಅದಿದೆ ಅಂತ ಗೊತ್ತಿಲ್ಲದೆ ಜೊತೆಗೆ ಲಿವೊಸಿಟ್ರಿಜಿನ್ ಅನ್ನುವ ಇನ್ನೊಂದು ಅಲರ್ಜಿ ಮಾತ್ರೆ ನುಂಗುತ್ತಾರೆ, ಸಾಲದ್ದಕ್ಕೆ ಅದೇ ಕ್ಲೋರ್‌ಫೆನಿರಮಿನ್ ಇರುವ ಕೆಮ್ಮಿನ ಸಿರಪ್ ಎರಡು ಮುಚ್ಚಳ. ಒಂದೇ ಕೆಲಸಕ್ಕೆ ಮೂರು ಆಳು ಹಚ್ಚಿದ ಹಾಗೆ. ಆಫೀಸಿನಲ್ಲಿ ಕುಳಿತವರು ತೂಕಡಿಸಿದರೆ ಯಾರಾದರೂ ನಗಬಹುದು. ನಮ್ಮಲ್ಲಿ ಕರಿಮೆಣಸು ಕೊಯ್ಯುವವರು ಏಣಿ ಇಟ್ಟು ಸಿಲ್ವರ್ ಓಕ್ ಮರಕ್ಕೆ ಹತ್ತುತ್ತಾರೆ, ಮೂವತ್ತು ಅಡಿ ಅಂದರೆ ಅವರಿಗೆ ಲೆಕ್ಕವೇ ಅಲ್ಲ. ಬೆಳಿಗ್ಗೆ ಶೀತದ ಮಾತ್ರೆ ನುಂಗಿ ಹತ್ತು ಗಂಟೆಗೆ ಮರದ ಮೇಲೆ ಇದ್ದರೆ? ಸಂಪಾಜೆ ಘಾಟಿಯಲ್ಲಿ ಮಂಜಿನ ನಡುವೆ ಜೀಪು ಇಳಿಸುವವರದ್ದೂ ಅದೇ ಕಥೆ. ಮರ ಕುಯ್ಯುವ ಮೆಷಿನ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹಿಡಿಯುವವರದ್ದೂ ಅದೇ. ಅಂಥವರು ಈ ಮಾತ್ರೆ ತಗೊಂಡರೆ ರಾತ್ರಿ ಮಲಗುವ ಮುಂಚೆ ಒಂದು ತಗೊಳ್ಳಲಿ, ಹಗಲಿಗೆ ಜ್ವರ ಇದ್ದರೆ ಬರೀ ಪ್ಯಾರಸಿಟಮಾಲ್ ಸಾಕು. ಬೆಳಿಗ್ಗೆ ಎದ್ದಾಗಲೂ ತಲೆ ಮಂಕಾಗಿದ್ದರೆ ಅವತ್ತು ಏಣಿ ಬೇಡ.

ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಥೈರಾಯ್ಡ್ ಜಾಸ್ತಿ ಇರುವವರು ಫಿನೈಲ್‌ಎಫ್ರಿನ್ ಇರುವ ಮಾತ್ರೆಯನ್ನು ಕೇಳದೆ ನುಂಗಬಾರದು, ಅದು ರಕ್ತನಾಳ ಬಿಗಿ ಮಾಡುವ ಮದ್ದು. ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಕ್ಲೋರ್‌ಫೆನಿರಮಿನ್‌ನಿಂದ ಮೂತ್ರ ಕಟ್ಟಿಬಿಡಬಹುದು. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಯ ಕೆಲವು ಬಗೆ ಇದ್ದರೂ ಅದು ಆಗದು. ಇವನ್ನೆಲ್ಲ ಹತ್ತು ಜನರ ಮುಂದೆ ಕೌಂಟರಿನಲ್ಲಿ ಹೇಳಲು ಸಂಕೋಚ ಅಂತ ಗೊತ್ತು. ಬದಿಗೆ ಕರೆದು ಹೇಳಿ, ಇಲ್ಲವೇ ದಿನಾ ತಗೊಳ್ಳುವ ಮಾತ್ರೆಗಳ ಸ್ಟ್ರಿಪ್ಪನ್ನೇ ತಂದು ಮೇಜಿನ ಮೇಲಿಡಿ. ನಮಗೆ ಅಷ್ಟು ಸಾಕು.

ಇಷ್ಟಕ್ಕೂ ಫಿನೈಲ್‌ಎಫ್ರಿನ್ ಬಾಯಲ್ಲಿ ನುಂಗಿದರೆ ಮೂಗು ಬಿಡುತ್ತದಾ? 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಸಲಹಾ ಸಮಿತಿ ಇದನ್ನು ಕೂತು ಪರಿಶೀಲಿಸಿ, ಈ ಪ್ರಮಾಣದಲ್ಲಿ ನುಂಗಿದರೆ ಕೆಲಸ ಮಾಡುವುದಿಲ್ಲ ಅಂದಿತು. 2024ರ ನವೆಂಬರಿನಲ್ಲಿ ಎಫ್‌ಡಿಎ ಅದನ್ನು ಶೀತದ ಮಾತ್ರೆಗಳಿಂದ ತೆಗೆಯುವ ಪ್ರಸ್ತಾಪವನ್ನೂ ಇಟ್ಟಿತು. ನನ್ನ ಅನುಭವವೂ ಅಷ್ಟೆ, ಉಪ್ಪುನೀರಿನ ಮೂಗಿನ ಡ್ರಾಪ್ಸ್‌ನಿಂದ ಸಿಗುವಷ್ಟು ಆರಾಮವೂ ಅದರಿಂದ ಸಿಗುವುದಿಲ್ಲ. ಮೂಗು ಬಿಡಿಸುವ ಜೈಲೋಮೆಟಜೊಲಿನ್ ಡ್ರಾಪ್ಸ್ ಕೆಲಸ ಮಾಡುತ್ತದೆ, ಆದರೆ ಅದನ್ನು ಮೂರರಿಂದ ಐದು ದಿನ ದಾಟಿಸಬೇಡಿ. ದಾಟಿಸಿದರೆ ಅದಿಲ್ಲದೆ ಮೂಗು ಬಿಡುವುದೇ ಇಲ್ಲ. ವರ್ಷಗಟ್ಟಲೆ ಆ ಬಾಟಲಿ ಜೇಬಿನಲ್ಲಿಟ್ಟುಕೊಂಡು ತಿರುಗುವವರನ್ನು ನಾನು ಬಲ್ಲೆ.

ಇನ್ನು, ನಿಮಗಿರುವುದು ಶೀತವೇ ಅಲ್ಲದೆ ಇರಬಹುದು. ಶೀತ ವೈರಸ್‌ನಿಂದ ಬರುತ್ತದೆ, ಗಂಟಲು ಕೆರೆಯುತ್ತದೆ, ಮೈ ಬಿಸಿಯಾಗುತ್ತದೆ, ವಾರ ಹತ್ತು ದಿನದಲ್ಲಿ ಹೋಗುತ್ತದೆ. ಮಳೆಗಾಲ ಪೂರ್ತಿ ಬೆಳಿಗ್ಗೆ ಎದ್ದ ಕೂಡಲೇ ಹತ್ತು ಸೀನು, ಕಣ್ಣು ಮೂಗು ತುರಿಕೆ, ನೀರಿನಂಥ ನೆಗಡಿ, ಜ್ವರ ಮಾತ್ರ ಇಲ್ಲ ಅಂದರೆ ಅದು ಬಹುಪಾಲು ಅಲರ್ಜಿ. ನಮ್ಮ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ, ಬೆಲ್ಟಿಗೆ, ಚಪ್ಪಲಿಗೆ ಎಲ್ಲದಕ್ಕೂ ಬೂಷ್ಟು. ಕಂಬಳಿ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ದೂಳಿನ ಹುಳ. ಕಾಫಿ ಸಮಯದಲ್ಲಿ ಕಣದ ದೂಳು, ಕಾಫಿ ಬೀಜದ ಹೊಟ್ಟು ಬಿಡಿಸುವ ಹಲ್ಲರ್ ಮೆಷಿನ್ ಹತ್ತಿರ ಹಾರುವ ಹೊಟ್ಟು. ಇದಕ್ಕೆ ಪ್ಯಾರಸಿಟಮಾಲ್ ಯಾಕೆ ಬೇಕು? ಆದರೂ ಮೂರು ತಿಂಗಳು ಸುಮ್ನೆ ಶೀತದ ಮಾತ್ರೆ ನುಂಗಿದವರಿದ್ದಾರೆ. ಅಲರ್ಜಿಗೆ ಅಲರ್ಜಿಯ ಒಂದೇ ಮದ್ದು ಸಾಕು, ಸಿಟ್ರಿಜಿನ್ ಅಥವಾ ನಿದ್ದೆ ಕಡಿಮೆ ತರುವ ಫೆಕ್ಸೋಫೆನಡಿನ್. ಫೆಕ್ಸೋಫೆನಡಿನನ್ನು ನೀರಿನಲ್ಲೇ ನುಂಗಿ, ಕಿತ್ತಳೆ ರಸದಲ್ಲಿ ಬೇಡ. ರಸದ ಜೊತೆ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಿತ್ತಳೆ ನಾಡಿನಲ್ಲಿ ಕೂತು ಈ ಮಾತು ಹೇಳಬೇಕಾಯಿತು ನೋಡಿ. ಮಾಂಟೆಲುಕಾಸ್ಟ್ ಅನ್ನುವ ಇನ್ನೊಂದು ಅಲರ್ಜಿ ಮದ್ದು ಸೇರಿರುವ ಜೋಡಿ ಮಾತ್ರೆಯನ್ನು ಮಾತ್ರ ಪಕ್ಕದ ಮನೆಯವರಿಂದ ಸಾಲ ತರಬೇಡಿ, ಕೆಲವರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ ತರುತ್ತದೆ ಅಂತ 2020ರಲ್ಲಿ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆಯನ್ನೇ ಹಾಕಿಸಿದೆ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ತೋಟದ ಲೆಕ್ಕ ನೋಡುವ ರೈಟರ್, ಕಾರ್ಮಿಕರ ಲೈನ್ ಮನೆಗಳಿಗೆಂದು ನಾಲ್ಕು ಸ್ಟ್ರಿಪ್ ಶೀತದ ಮಾತ್ರೆ ಒಯ್ಯುತ್ತಾರೆ, ದೊಡ್ಡವರಿಗೆ ಒಂದು, ಮಕ್ಕಳಿಗೆ ಅರ್ಧ. ಯಾವ ಮಗು, ಎಷ್ಟು ತೂಕ, ಕೇಳುವವರಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಜೋಡಿ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು 2023ರ ಡಿಸೆಂಬರಿನಲ್ಲೇ ನಮ್ಮ ಔಷಧ ನಿಯಂತ್ರಕರು ಹೇಳಿದ್ದಾರೆ. 2025ರ ಅಕ್ಟೋಬರಿನಲ್ಲಿ, ಮಧ್ಯಪ್ರದೇಶದಲ್ಲಿ ಸಿರಪ್ ಕುಡಿದ ಮಕ್ಕಳು ಸತ್ತ ಸುದ್ದಿ ಬಂದಾಗ, ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು ಶೀತದ ಔಷಧಿಯೇ ಬೇಡ, ಐದರೊಳಗೆ ಸಾಮಾನ್ಯವಾಗಿ ಬೇಡ ಅಂದಿತು. ಆ ಸಾವಿಗೆ ಕಾರಣ ಸಿರಪ್‌ನಲ್ಲಿ ಬೆರೆತಿದ್ದ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ, ಆ ಮಾತೇ ಬೇರೆ. ಆದರೆ ಶುದ್ಧ ಸಿರಪ್ ಕೂಡ ಆ ವಯಸ್ಸಿಗೆ ಬೇಕಿರಲಿಲ್ಲ.

ಡ್ರಾಪ್ಸ್ ಮತ್ತು ಸಿರಪ್ ಕಲಸಿಕೊಳ್ಳುವುದು ಇನ್ನೊಂದು. ಪ್ಯಾರಸಿಟಮಾಲ್ ಡ್ರಾಪ್ಸ್ ಒಂದು ಮಿಲಿಯಲ್ಲೇ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ ಐದು ಮಿಲಿಗೆ 125 ಅಥವಾ 250. ಡ್ರಾಪ್ಸ್ ಬಾಟಲಿಯಿಂದ ಐದು ಮಿಲಿ ಚಮಚ ತುಂಬಿಸಿದರೆ ಹಸುಗೂಸಿಗೆ 500 ಹೋಯಿತು, ಅಂದರೆ ದೊಡ್ಡವರ ಒಂದು ಮಾತ್ರೆ. ಮಗುವಿಗೆ ಒಂದು ವರ್ಷ ತುಂಬಿದ್ದರೆ ಕೆಮ್ಮಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನು ಕೊಡಿ, ನಮ್ಮಲ್ಲಿ ಜೇನಿಗೇನು ಬರ. ವರ್ಷದೊಳಗೆ ಜೇನೂ ಬೇಡ. ಉಸಿರು ಜೋರಾಗಿ ಬಂದರೆ, ಎದೆಗೂಡು ಒಳಸೇದಿದರೆ, ಹಾಲು ಬಿಟ್ಟರೆ ನಮ್ಮ ಅಂಗಡಿಗೆ ಬರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ನಮ್ಮ ಕಡೆಯ ತಪ್ಪೂ ಒಂದಿದೆ. ನಾಲ್ಕು ಮಾತ್ರೆ ಕೊಡಿ ಅಂದಾಗ ಸ್ಟ್ರಿಪ್ ಕತ್ತರಿಸಿ ಕೊಡುತ್ತೇವೆ. ಒಳಗೆ ಏನಿದೆ ಅಂತ ಅಚ್ಚಾಗಿರುವ ಭಾಗ, ಎಕ್ಸ್‌ಪೈರಿ ತಾರೀಕು ಎಲ್ಲಾ ಎಷ್ಟೋ ಸಲ ನಮ್ಮ ಡಬ್ಬದಲ್ಲೇ ಉಳಿಯುತ್ತದೆ. ಹಿಂಬದಿ ಓದಿ ಅಂತ ಹೇಳುವವನೇ ಓದಲು ಏನೂ ಉಳಿಸದೆ ಕೊಟ್ಟರೆ ಹೇಗೆ? ಸುಬೇದಾರ್ ಮಾವ ಬಂದುಹೋದ ಮೇಲೆ ನಾನು ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಬರೆದು ಕೊಡುತ್ತೇನೆ: ಇದರಲ್ಲಿ ಪ್ಯಾರಸಿಟಮಾಲ್ 500 ಇದೆ, ನಿದ್ದೆ ಬರುತ್ತದೆ, ಜೊತೆಗೆ ಡೋಲೋ ಬೇಡ. ಸಂತೆ ದಿನ ಜನ ಜಾಸ್ತಿ ಇದ್ದಾಗ ಬರೆಯುವುದು ತಪ್ಪಿಹೋಗುತ್ತದೆ. ಆಗ ನೀವೇ ಕೇಳಿ ಬರೆಸಿಕೊಳ್ಳಿ. ಮೊನ್ನೆ ಮಾವ ಬಂದು ಅಂಥದ್ದೇ ಒಂದು ಕವರನ್ನು ನಾಲ್ಕು ಮಡಿಕೆಯಾಗಿ ಪರ್ಸಿನಿಂದ ತೆಗೆದು, "ರಂ ಬಗ್ಗೆ ಇದ್ರಲ್ಲಿ ಏನೂ ಬರೆದಿಲ್ಲ ನೀನು" ಅಂದರು.